ಅಳುವ ದಿನಕ್ಕೆ ಕೇದಿಗೆ

ಸಂಶಯ ಪಡುವ ಕೆಲಸದಲ್ಲಿ ಸಂಬಳವಿಲ್ಲದೆ ನನ್ನಷ್ಟು ದುಡಿದವರು ಕಡಿಮೆ. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿ ಬಂದವನಿಗೆ ಠಾಣೆ ಊರಿನ ಒಂದು ಪೈಪು ಕಾರಖಾನೆಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಕಲಿತ ವಿದ್ಯೆಯನ್ನು ಪೈಪುಗಳ ಮೇಲೆ ಪ್ರಯೋಗಿಸುವಂತಿರಲಿಲ್ಲ. ಮನುಷ್ಯರ ಮೇಲೆ ಪ್ರಯೋಗಿಸಿದೆ. ಯಾರಾದರೂ ತಮ್ಮ ಅಜ್ಜ ಹುಲಿ ಹೊಡೆದದ್ದನ್ನು ಹೇಳಿದರೆ "ನೀವು ಕಣ್ಣಾರೆ ಕಂಡಿದ್ದೀರಾ?" ಎಂದು ಕೇಳುತ್ತಿದ್ದೆ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಸತ್ಯನಾರಾಯಣ ಪೂಜೆಯಾದರೆ ನನ್ನನ್ನು ಪ್ರಸಾದದ ಹೊತ್ತಿಗೆ ಕರೆಯುತ್ತಿದ್ದರು, ಕಥೆಯ ಹೊತ್ತಿಗೆ ಕರೆಯುತ್ತಿರಲಿಲ್ಲ.

ಇಂಥ ನನ್ನ ಬಳಿಯೂ ಸಾಕ್ಷಿಯಿಲ್ಲದ ಒಂದು ಕಥೆಯಿತ್ತು. ಕಪ್ಪು ಬಿಳುಪು ಕಾಲದ ಆ ಹಿಂದಿ ತಾರೆಯ ಹೆಸರು ಬೇಡ. ಅವಳು ಅತ್ತರೆ ಥಿಯೇಟರಿನಲ್ಲಿ ಗಂಡಸರೂ ಮೂಗು ಒರೆಸಿಕೊಳ್ಳುತ್ತಿದ್ದರು ಎಂದರೆ ಸಾಕು. ನಾನು ಕಾಲೇಜಿನಲ್ಲಿದ್ದಾಗ ಹುಬ್ಬಳ್ಳಿಯಲ್ಲಿ ಹೊಸ ಥಿಯೇಟರೊಂದನ್ನು ಉದ್ಘಾಟಿಸಲು ಬಂದಿದ್ದಳು. ನಾನು ಸ್ವಯಂಸೇವಕ. ಹೂಗುಚ್ಛ ಕೊಟ್ಟ ನನ್ನನ್ನು ನೋಡಿ ನಕ್ಕು, ಕೈಚೀಲದಿಂದ ಪುಟ್ಟ ದಂತದ ಪೆಟ್ಟಿಗೆ ತೆಗೆದಳು. ಅದರಲ್ಲಿ ಮೂರು ಸೀಸೆ. ಬೆಳಗಿನ ಹೊತ್ತಿಗೆ ಲಾವಂಚ, ಸಂಜೆಗೆ ಮಲ್ಲಿಗೆ, ಅಳುವ ದೃಶ್ಯವಿದ್ದ ದಿನ ಮಾತ್ರ ಕೇದಿಗೆ. "ಕೇದಿಗೆ ಹಚ್ಚಿದರೆ ಗ್ಲಿಸರಿನ್ ಬೇಕಾಗುವುದಿಲ್ಲ, ನನ್ನ ತಾಯಿ ಹಚ್ಚುತ್ತಿದ್ದದ್ದು ಅದೇ" ಎಂದು ಹೇಳಿ, ಅದರದೇ ಒಂದು ಹನಿಯನ್ನು ನನ್ನ ಬಲಗೈ ಹಿಂಬದಿಗೆ ಸವರಿದಳು. ನಾನು ಮೂರು ದಿನ ಆ ಕೈ ತೊಳೆಯಲಿಲ್ಲ. ಹಾಸ್ಟೆಲಿನಲ್ಲಿ ಚಮಚದಿಂದ ಉಂಡೆ.

ಎಂಟು ಹದಿನೇಳರ ಲೋಕಲಿನಲ್ಲಿ ಈ ಕಥೆ ನಮ್ಮ ಗುಂಪಿಗೆ ಕಂಠಪಾಠವಾಗಿತ್ತು. ಗಾಡಿ ದಿವಾಕ್ಕೆ ಬರುವಷ್ಟರಲ್ಲಿ ತಾರೆ ಕಾರಿನಿಂದ ಇಳಿಯುತ್ತಿದ್ದಳು, ಮುಂಬ್ರಾದಲ್ಲಿ ಪೆಟ್ಟಿಗೆ ತೆರೆಯುತ್ತಿದ್ದಳು, ಕಳವಾದಲ್ಲಿ ನನ್ನ ಕೈ ಹಿಡಿಯುತ್ತಿದ್ದಳು. ಠಾಣೆಯಲ್ಲಿ ಕೈ ತೊಳೆಯದೆ ನಾನು ಇಳಿಯುತ್ತಿದ್ದೆ. ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ವಾಸುದೇವ ಭಟ್ಟರು ಹೊಸಬರನ್ನು ಕಂಡರೆ, "ಮಾರಾಯ್ರೇ, ಇವರಿಗೊಂದು ಆ ಅತ್ತರಿನದ್ದು ಹೇಳಿ" ಎಂದು ನನ್ನನ್ನು ಮುಂದೆ ತಳ್ಳುತ್ತಿದ್ದರು. ಜಗತ್ತಿನ ಎಲ್ಲ ಕಥೆಗಳಿಗೂ ಸಾಕ್ಷಿ ಕೇಳುವವನ ಕಥೆಗೆ ಯಾರೂ ಸಾಕ್ಷಿ ಕೇಳಲಿಲ್ಲ.

ಸಂಕ್ರಾಂತಿಯ ನಂತರ ನಮ್ಮ ಕಟ್ಟಡದಲ್ಲಿ ಮನೆಮನೆಗೂ ಹಳದಿ ಕುಂಕುಮ. ಮರಾಠಿ ಮನೆಗಳ ಪದ್ಧತಿ, ಈಗ ನಮ್ಮದೂ. ಬಂದ ಹೆಂಗಸರಿಗೆ ಅರಿಸಿನ ಕುಂಕುಮ ಕೊಟ್ಟು, ಎಳ್ಳುಬೆಲ್ಲ ಕೊಟ್ಟು, ಗುಲಾಬಿ ನೀರು ಚಿಮುಕಿಸಿ, ಮುಂಗೈ ಹಿಂಬದಿಗೆ ಅತ್ತರು ಸವರಬೇಕು. ನನ್ನ ಹೆಂಡತಿ ಸುಮಿತ್ರಾ ಹುಬ್ಬಳ್ಳಿಯವಳು. ವರ್ಷವಿಡೀ ಹಿತಮಿತವಾಗಿ ಮಾತಾಡುವವಳು ಆ ಒಂದು ಸಂಜೆ ಮಾತ್ರ ಅರಳುತ್ತಿದ್ದಳು. ಅತ್ತರು ಸವರುತ್ತ ತಾರೆಯ ಮೂರು ಸೀಸೆಗಳ ಕಥೆಯನ್ನು ತನ್ನ ಹುಬ್ಬಳ್ಳಿ ಮರಾಠಿಯಲ್ಲಿ ಹೇಳುತ್ತಿದ್ದಳು. "ನಮ್ಮ ಮನೆಯವರ ಕೈಗೆ ಖುದ್ದು ಅವಳೇ ಹಚ್ಚಿದಳು" ಎಂದೇ ಮುಗಿಸುತ್ತಿದ್ದಳು. ಒಂದೂವರೆ ಕೋಣೆಯ ಮನೆಯಾದ್ದರಿಂದ ನಾನು ಅಡುಗೆಮನೆಯಲ್ಲಿ ಪೇಪರು ಹಿಡಿದು ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಒಂದು ವರ್ಷ ಕೆಳಗಿನ ಮನೆಯ ಜೋಶಿ ಕಾಕು ನಡುವೆ ಬಾಯಿ ಹಾಕಿದಳು. ಅವಳ ತಮ್ಮ ಯಾವುದೋ ಸ್ಟುಡಿಯೋದಲ್ಲಿ ದೀಪ ಹಿಡಿಯುವವನು. "ಅಹೋ ವಹಿನಿ, ಕಾಹೀತರೀಚ ಕಾಯ! ಏನೇನೋ ಹೇಳುತ್ತೀರಲ್ಲ! ಆ ಹೆಂಗಸಿಗೆ ಅತ್ತರು ಅಂದರೆ ತಲೆಶೂಲೆ. ಮಲ್ಲಿಗೆ ಮುಡಿದವರನ್ನೂ ಸೆಟ್ಟಿನಿಂದ ಹೊರಗೆ ಹಾಕುತ್ತಾಳಂತೆ. ನಿಮ್ಮ ಯಜಮಾನರು ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ!"

ಹೆಂಗಸರು ನಕ್ಕರು. ಸುಮಿತ್ರಾ ನಗಲಿಲ್ಲ. "ರೀ, ಒಂಚೂರು ಹೊರಗ ಬರ್ರಿ" ಎಂದು ಕರೆದಳು. ಹೋದೆ. ಹತ್ತು ಹನ್ನೆರಡು ಹೆಂಗಸರು ಚಾಪೆಯ ಮೇಲೆ. ಸುಮಿತ್ರಾಳ ಕೈಯಲ್ಲಿ ಅತ್ತರಿನ ಕಡ್ಡಿ ಹಾಗೇ ನಿಂತಿತ್ತು. "ಖರೇ ಅದ ಅಂತ ಹೇಳ್ರಿ ಇವರಿಗೆ."

ಕೇಳಿದ್ದು ಒಂದೇ ಒಂದು 'ಹೌದು'. ಕೊಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಹನ್ನೆರಡು ಜನ ಬಾಯಿ ಮುಚ್ಚಿಕೊಂಡು ನನ್ನ ಮುಂದೆ ಕೂತದ್ದು ಎಂ.ಎ. ಮುಗಿದ ಮೇಲೆ ಅದೇ ಮೊದಲು. ಗಂಟಲು ಸರಿಮಾಡಿಕೊಂಡೆ. ನೆನಪು ಎನ್ನುವುದು ಸಾಕ್ಷಿಯಲ್ಲ ಎಂದೆ. ಪ್ರತಿ ಸಲ ಹೇಳುವಾಗಲೂ ಮನುಷ್ಯ ನೆನಪಿಗೆ ಒಂದು ಕೈ ಬಣ್ಣ ಹೊಡೆಯುತ್ತಾನೆ, ಕೊನೆಗೆ ಗೋಡೆ ಯಾವುದು ಬಣ್ಣ ಯಾವುದು ತಿಳಿಯುವುದಿಲ್ಲ ಎಂದೆ. "ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇದೆಲ್ಲ ನಡೆದಿಲ್ಲದೆಯೂ ಇರಬಹುದು. ನಾನೇ ಕಟ್ಟಿದ್ದೇನೋ." ಜೋಶಿ ಕಾಕು ಚಪ್ಪಾಳೆ ತಟ್ಟಿದಳು. ಸುಮಿತ್ರಾ ಒಂದು ಕ್ಷಣ ನನ್ನ ಮುಖ ನೋಡಿ, ಉಳಿದವರ ಕೈಗಳಿಗೆ ಅತ್ತರು ಸವರುವುದನ್ನು ಮುಂದುವರಿಸಿದಳು. ನನ್ನ ಪ್ರಾಮಾಣಿಕತೆಗೆ ನಾನೇ ತಲೆದೂಗುತ್ತ ಅಡುಗೆಮನೆಗೆ ಮರಳಿದೆ.

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಮುಂದಿನ ಸಂಕ್ರಾಂತಿಯ ಹೊತ್ತಿಗೆ ಅತ್ತೆಯವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮಲ್ಲಿಗೆ ಬಂದಿದ್ದರು. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತಿದ್ದರು. ಹೊರಗೆ ಹಳದಿ ಕುಂಕುಮ ನಡೆದಿತ್ತು. ಆ ವರ್ಷ ಕಥೆಯಿಲ್ಲ, ಬಳೆ ಸದ್ದು ಮಾತ್ರ. ಪ್ರತಿ ವರ್ಷದ ಗುಲಾಬಿ ಅತ್ತರಿನ ಬದಲು ಬೇರೆ ಯಾವುದೋ ವಾಸನೆ ಒಳಗೆ ಬಂತು. ಅತ್ತೆಯವರು ಮೂಗು ಮೇಲೆತ್ತಿದರು.

"ಕೇದಿಗಿ ಅಲ್ಲೇನ್ರೀ ಅಳಿಯಂದ್ರ? ಥೇಟ್ ಅದ. ಆ ಸಿನೆಮಾದಾಕಿ ನಮ್ಮ ಸುಮಿ ಕೈಗೆ ಹಚ್ಚಿದ್ಲಲ್ಲ, ಅದ."

"ಯಾರ ಕೈಗೆ?" ಎಂದೆ.

"ಸುಮಿ ಕೈಗೆ. ಥೇಟರ್ ಸುರು ಆದಾಗ ಹೂ ಕೊಡಾಕ ಸಾಲಿಯಿಂದ ಇಕೀನ್ನ ಆರಿಸಿದ್ರಲ್ಲ! ಹತ್ತು ವರ್ಷದಾಕಿ. ಮೂರು ದಿವಸ ಕೈ ತೊಳೀಲಿಲ್ಲ ನೋಡ್ರಿ. ಬಲಗೈ! ನಾನ ತುತ್ತು ಮಾಡಿ ಉಣಸೀನಿ. ನಿಮಗ ಹೇಳಿಲ್ಲೇನ ಅಕಿ?"

ಹೇಳಿದ್ದಳು. ಮದುವೆಯಾದ ಹೊಸದರಲ್ಲಿ ಹೇಳಿದ್ದಳು. ಪಟ್ಟಿ ಬಿಚ್ಚಿದಂತೆ ಈಗ ಕಂಡಿತು. ಉದ್ಘಾಟನೆಯ ದಿನ ನಾನೂ ಧಾರವಾಡದಿಂದ ಹೋಗಿದ್ದೆ, ನಿಜ. ಜನಜಂಗುಳಿಯಲ್ಲಿ ನನಗೆ ಕಂಡದ್ದು ಒಂದು ಕಾರಿನ ಬೆನ್ನು. ಉಳಿದದ್ದೆಲ್ಲ ಅವಳದು. ದಿವಾದಿಂದ ಕಳವಾದವರೆಗೆ ಹೇಳಿ ಹೇಳಿ ಯಾವ ವರ್ಷ ಅದು ನನ್ನದಾಯಿತೋ ತಿಳಿಯದು. ನಮ್ಮ ಹಾಸ್ಟೆಲಿನಲ್ಲಿ ಸಾರು ಬಡಿಸುವುದಕ್ಕೇ ಸೌಟು ಸಾಲದು, ನನಗೆ ಚಮಚ ಕೊಟ್ಟವರು ಯಾರು ಎಂಬ ಸಂಶಯ ಸಂಶಯಪ್ರಿಯನಾದ ನನಗೆ ಇಷ್ಟು ವರ್ಷ ಬಂದಿರಲಿಲ್ಲ.

ಹೆಂಗಸರು ಹೋದ ಮೇಲೆ ಕೇಳಿದೆ. "ಅದು ನಿನ್ನ ಕಥೆ ಅಂತ ನೀನು ಯಾಕೆ ಹೇಳಲಿಲ್ಲ?"

ಚಾಪೆ ಸುತ್ತುತ್ತಲೇ ಹೇಳಿದಳು. "ನೀವು ಹೇಳಿದ್ರ ರೈಲಿನ ಡಬ್ಬಿತುಂಬ ಮಂದಿ ಕೇಳ್ತಿದ್ರು. ನಾ ಹೇಳಿದ್ರ ಯಾರು ಕೇಳ್ತಿದ್ರು? ಮನ್ಯಾಗ ಅದಲ್ಲ, ಯಾರ ಕೈಯಾಗಿದ್ರೇನು ಅಂದ್ಕೊಂಡಿದ್ದೆ." ಚಾಪೆಯನ್ನು ಮೂಲೆಗೆ ನಿಲ್ಲಿಸಿದಳು. "ನೀವು ಹಿಂಗ ಮಂದಿ ಮುಂದ ಒಗದಬಿಡ್ತೀರಿ ಅಂತ ಗೊತ್ತಿರಲಿಲ್ಲ."

ಮರುದಿನವೇ ಕಥೆಯನ್ನು ವಾರಸುದಾರಳಿಗೆ ಹಿಂತಿರುಗಿಸಲು ಹೊರಟೆ. ಎಂಟು ಹದಿನೇಳರ ಗಾಡಿಯಲ್ಲಿ, ಅತ್ತರು ಹಚ್ಚಿದ್ದು ನನ್ನ ಕೈಗಲ್ಲ, ನನ್ನ ಹೆಂಡತಿಯ ಕೈಗೆ ಎಂದು ಸಾರಿದೆ. ಭಟ್ಟರು ಅನುಕಂಪದಿಂದ ನನ್ನನ್ನು ನೋಡಿದರು. "ಎಂತ ಮಾರಾಯ್ರೇ, ಮನೆಯಲ್ಲಿ ಜಗಳವಾ? ಅವರು ಹೇಳಿದರು ಅಂತ ನೀವು ನಂಬುವುದಾ? ಸಾಕ್ಷಿ ಉಂಟಾ?" ಜೋಶಿ ಕಾಕುವಿಗೂ ಹೇಳಿ ನೋಡಿದೆ. ಹೋದ ವರ್ಷ ನೀವೇ ಸುಳ್ಳು ಅಂದಿರಲ್ಲ ಎಂದು ಬಾಗಿಲು ಮುಚ್ಚಿಕೊಂಡಳು. ನಾನು ಹೇಳಿದ ಸುಳ್ಳನ್ನು ವರ್ಷಗಟ್ಟಲೆ ನಂಬಿದವರು, ನಾನು ಹೇಳಿದ ಒಂದೇ ಒಂದು ನಿಜವನ್ನು ಮುಂಬ್ರಾದವರೆಗೂ ಬರಗೊಡಲಿಲ್ಲ.

ಈಗ ಪ್ರತಿ ಸಂಕ್ರಾಂತಿಗೂ ಸುಮಿತ್ರಾ ಕೇದಿಗೆಯನ್ನೇ ತರುತ್ತಾಳೆ, ಮಾತಿಲ್ಲದೆ ಹಚ್ಚುತ್ತಾಳೆ. ಅದು ಯಾವ ದಿನದ ಅತ್ತರು ಎಂದು ಆ ಹೆಂಗಸರಿಗೆ ಈಗ ನೆನಪಿಲ್ಲ. ಅಡುಗೆಮನೆಯಲ್ಲಿ ಪೇಪರು ಹಿಡಿದು ಕೂತವನಿಗೆ ನೆನಪಿದೆ. ಹೋದ ಸಲ ಎಲ್ಲರೂ ಹೋದ ಮೇಲೆ, ರಾಜಿಗೆ ಬಂದವನಂತೆ ನನ್ನ ಬಲಗೈಯನ್ನು ಅವಳ ಮುಂದೆ ಚಾಚಿದೆ. ಅವಳು ಸೀಸೆಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

"ನಿಮಗ್ಯಾಕ್ರೀ? ನಿಮ್ಮ ಕೈಯಾಗ ಇನ್ನೂ ಇರಬೇಕಲ್ಲ."

ಅವಳು ಒಳಗೆ ಹೋದ ಮೇಲೆ ಕೈಯನ್ನು ಮೂಗಿಗೆ ಹಿಡಿದೆ. ಸುಳ್ಳು ಯಾಕೆ ಹೇಳಲಿ, ಇತ್ತು.