ವಿದಾಯಕ್ಕೆ ನನ್ನ ಮಗ್ಗವೇ ಬೇಕಾಯಿತು

ನನಗಾಗ ಅರವತ್ತೇಳು, ಎರಡು ವರ್ಷದ ಹಿಂದಿನ ಮಾತು. ನನ್ನ ತಮ್ಮನಷ್ಟು ಸೊಕ್ಕಿನವನು ಬನಹಟ್ಟಿಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ಅವನಿಗೂ ನಾನೇ ಬೈಯುತ್ತೇನೆ. ಹಿಂದಿನಿಂದ ಕರೆದರೆ ಓ ಅನ್ನುವುದಿಲ್ಲ. ಎದುರು ನಿಂತರೆ ನನ್ನ ಬಾಯಿಯನ್ನೇ ದಿಟ್ಟಿಸುತ್ತಾನೆ, ಎಷ್ಟು ಹಲ್ಲು ಉಳಿದಿವೆ ಎಂದು ನೋಡುವವನಂತೆ. ಚಹಾ ಆರುತ್ತದೆ ಎಂದು ನನ್ನ ಗಂಟಲು ಹರಿದರೂ ಅವನಿಗೆ ಡ್ರಮ್ಮೇ ದೊಡ್ಡದು. ಅದನ್ನೂ ಬರಿಗಾಲಲ್ಲೇ ಬಾರಿಸಬೇಕು. ಚಳಿಗೆ ಚಪ್ಪಲಿ ಹಾಕಿಕೋ ಎಂದರೆ, "ನಿನಗ ತಿಳಿಯಂಗಿಲ್ಲ, ಸುಮ್ನಿರ ಬೇ."

ಪ್ರಾಯದಲ್ಲಿ ಇವನು, ಜಮಖಂಡಿಯ ಒಬ್ಬ ಗಿಟಾರಿನವನು, ತೇರದಾಳದ ಒಬ್ಬ ಹಾಡುವವನು ಸೇರಿ ರಾಕ್ ಬ್ಯಾಂಡ್ ಕಟ್ಟಿದರು. ಯಾರೂ ಜಾಗ ಕೊಡದೆ ನಮ್ಮ ಮಗ್ಗದ ಶೆಡ್ಡಿಗೆ ಬಂದು ಬಿದ್ದರು. ಕರೆಂಟಿನ ಮಗ್ಗದ ಖಟಖಟದ ಮೇಲೆ ಇವರ ಕಿರುಚಾಟ. ನಾನು ಅಲ್ಲೇ ಕುಳಿತು ಸೀರೆ ನೇಯಬೇಕು, ಯಾವ ಪಾಪಕ್ಕೋ. ಆಮೇಲೆ ಮುಧೋಳದ ಒಂದು ಮದುವೆಯಲ್ಲಿ ಹಾಡು ಮುಗಿದರೂ ನನ್ನ ತಮ್ಮ ಬಾರಿಸುತ್ತಲೇ ಇದ್ದನಂತೆ. ಬೀಗರೆಲ್ಲ ನಕ್ಕರು. "ಇವಗ ಸೊಕ್ಕು" ಎಂದು ಗಿಟಾರಿನವನು ಎದ್ದು ಹೋದ. ಬ್ಯಾಂಡ್ ಮುರಿಯಿತು. ನಮಗೆ ಶಾಂತಿ.

ತಲೆ ನರೆತ ಮೇಲೆ, ನನ್ನ ಆ ಅರವತ್ತೇಳರಲ್ಲಿ, ಮತ್ತೆ ಕೂಡಿದರು. ವಿದಾಯದ ರೆಕಾರ್ಡ್ ತರುತ್ತಾರಂತೆ. ಇವರು ಬಂದದ್ದೇ ಯಾರಿಗೂ ಗೊತ್ತಿಲ್ಲ, ಹೋಗುವಾಗ ವಿದಾಯ ಬೇರೆ!

ರೆಕಾರ್ಡಿನ ದಿನ ಅದೇ ಶೆಡ್ಡಿನಲ್ಲಿ ಗಿಟಾರಿನವನು, "ಅಕ್ಕಾರ, ಸಪ್ಪಳ ಭಾಳ ಆತು, ಮಗ್ಗ ಬಂದ್ ಮಾಡ್ರಿ" ಎಂದ. ಅರ್ಧ ಸೀರೆ ಹಾಗೇ ಬಿಟ್ಟು ನಿಲ್ಲಿಸಿದೆ. ಹಾಡು ಶುರುವಾಯಿತು. ಡ್ರಮ್ಮು ರಬಕವಿಗೆ ಹೊರಟರೆ ಗಿಟಾರು ಬೀಳಗಿಗೆ. ಹಾಡುವವನು ಬಸ್ಸು ತಪ್ಪಿದವನಂತೆ ನಡುವೆ ನಿಂತ. ಮತ್ತೆ ಬಾರಿಸಿದರು, ಮತ್ತೆ ಅದೇ.

"ಮಗ್ಗ ಚಾಲೂ ಮಾಡ ಬೇ ಅಕ್ಕಾ" ಎಂದ ತಮ್ಮ.

"ಬಂದ್ ಮಾಡಂತಾನ ಒಬ್ಬಾಂವ, ಚಾಲೂ ಮಾಡಂತಾನ ಒಬ್ಬಾಂವ. ನಾ ಏನ್ ನಿಮ್ಮ ಆಳೇನು?"

ಅವನು ನನ್ನ ಬಾಯಿಯನ್ನೇ ನೋಡಿ ಹೇಳಿದ: "ಕಿವಿ ಮುಧೋಳದಾಗ ಕೈಕೊಟ್ಟಿತ್ತು. ಈಗಂತೂ ಏನೂ ಕೇಳಂಗಿಲ್ಲ. ಮಗ್ಗ ನಡದ್ರ ನೆಲ ನಡಗತೈತಿ, ಅಂಗಾಲಿಗೆ ತಾಳ ತಿಳೀತೈತಿ. ಇದೊಂದು ಛಲೋ ಬಾರಿಸಿ ಬಿಟ್ಟಬಿಡ್ತೇನಿ."

ಗಿಟಾರಿನವನು ತಲೆ ತಗ್ಗಿಸಿ, "ಆವಾಗ ಹೇಳಾಕ ಏನಾಗಿತ್ತಲೇ ನಿನಗ" ಎಂದ. ನೆಲ ನೋಡಿಕೊಂಡು ಹೇಳಿದ್ದು ತಮ್ಮನಿಗೆ ಹೇಗೆ ತಿಳಿಯಬೇಕು?

ನಾನು ಮಗ್ಗ ಚಾಲೂ ಮಾಡಿದೆ. ಹಾಡು ನೆಟ್ಟಗೆ ಹೋಯಿತು. ರೆಕಾರ್ಡಿನ ಮೇಲೆ ಮೂವರ ಹೆಸರೂ ಇದೆ; ಮಗ್ಗದವಳದಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮರುದಿನ ಬೆಳಿಗ್ಗೆ ಚಹಾಕ್ಕೆ ಅವನನ್ನು ಕೂಗಲಿಲ್ಲ. ಹಿಂದಿನಿಂದ ಹೋಗಿ, ಅವನು ಕುಳಿತಿದ್ದ ಬೆಂಚು ನಡುಗುವಂತೆ ಒಂದು ಒದೆ ಕೊಟ್ಟೆ.