ಎಳೆಯುವುದು ಬೇರೆ, ಹೊರುವುದು ಬೇರೆ

ಆರ್ವಿಲ್ ಟ್ವಿಚೆಲ್‌ನ ಡ್ರೈವಿಂಗ್ ಲೈಸೆನ್ಸಿನಲ್ಲಿ ಅವನ ತೂಕ ಇನ್ನೂರ ಹತ್ತು ಪೌಂಡ್ ಎಂದು ಅಚ್ಚಾಗಿತ್ತು. ಇಪ್ಪತ್ತಾರು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಅದು ಅಪ್ಪಟ ನಿಜ. ಆಮೇಲೆ ಲೈಸೆನ್ಸ್ ಹೊಸದು ಮಾಡಿಸಲು ಹೋದಾಗಲೆಲ್ಲ ಕೌಂಟರಿನಾಕೆ "ತೂಕ ಅದೇನಾ?" ಎನ್ನುವಳು, ಇವನು "ಅದೇ" ಎನ್ನುವನು. ಅಮೆರಿಕದ ಐಡಹೊ ರಾಜ್ಯದಲ್ಲಿ ಈ ಒಂದು ಮಾತಿಗೆ ಯಾರೂ ಯಾರನ್ನೂ ತಕ್ಕಡಿಗೆ ಹತ್ತಿಸುವುದಿಲ್ಲ. ಹತ್ತಿಸಿದರೆ ಅರ್ಧ ರಾಜ್ಯ ನಡೆದುಕೊಂಡು ಓಡಾಡಬೇಕಾಗುತ್ತದೆ. ಇಷ್ಟು ಸಣ್ಣ ಸುಳ್ಳು ಆ ಶನಿವಾರ ಅವನ ಬುಡಕ್ಕೇ ಬಂತು.

ಆರ್ವಿಲ್ ಕೂಪರ್ ಫ್ಲ್ಯಾಟ್ ಊರಿನ ಕ್ಷೌರಿಕ. ಅವನ ಹೆಂಡತಿ ನೆಡ್ರಾಳಿಗೆ ಅವಳ ಚಿಕ್ಕಮ್ಮ ಸಾಯುವಾಗ ಇಪ್ಪತ್ತೆಂಟು ಅಡಿ ಉದ್ದದ ಒಂದು ಕ್ಯಾಂಪಿಂಗ್ ಟ್ರೇಲರ್ ಬಿಟ್ಟುಹೋಗಿದ್ದಳು. ಮಂಚ, ಒಲೆ, ಬಚ್ಚಲು ಎಲ್ಲಾ ಇದ್ದ ಗಾಲಿಮನೆ. ಎಳೆಯುವ ಗಾಡಿಯಿಲ್ಲದೆ ಅದು ಎರಡು ವರ್ಷದಿಂದ ಹಿತ್ತಿಲಲ್ಲಿ ನಿಂತೇ ಇತ್ತು. ಪಕ್ಕದ ಮನೆಯ ಗೇಲನ್ ಸ್ಟಕಿ ವಾರಕ್ಕೊಮ್ಮೆ ಬೇಲಿಯ ಮೇಲಿಂದ ಕೂಗುತ್ತಿದ್ದ: "ಆರ್ವಿಲ್, ನನ್ನ ಟ್ರಕ್ಕಿಗೆ ಕಟ್ಟಯ್ಯ, ನಾನೇ ಎಳ್ಕೊಂಡ್ ಹೋಗ್ತೀನಿ. ನೀವಿಬ್ರೂ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ!"

ಹಿಂದಿನ ಸೀಟು! ಮದುವೆಯ ಮಾರನೆಯ ದಿನ ಸರೋವರಕ್ಕೆ ಹೋದದ್ದೂ ಗೇಲನ್‌ನ ಹಿಂದಿನ ಸೀಟಿನಲ್ಲಿಯೇ. ಈ ಇಪ್ಪತ್ತಾರು ವರ್ಷ ಬೇಟೆಗೆ, ಮೀನಿಗೆ, ಸಾವಿಗೆ ಎಲ್ಲದಕ್ಕೂ ಆರ್ವಿಲ್ ಗೇಲನ್‌ನ ತಲೆಯ ಹಿಂಭಾಗವನ್ನೇ ನೋಡಿಕೊಂಡು ಹೋಗಿದ್ದ. ಆ ತಲೆಯ ಕೂದಲು ಕತ್ತರಿಸುವವನೂ ಅವನೇ ಆದ್ದರಿಂದ ಅದರಲ್ಲಿ ಹೊಸದಾಗಿ ನೋಡುವಂಥದ್ದು ಏನೂ ಉಳಿದಿರಲಿಲ್ಲ. ಈ ಸಲ ತನ್ನದೇ ಗಾಡಿ, ತನ್ನದೇ ಕೈಯಲ್ಲಿ ಸ್ಟಿಯರಿಂಗ್, ಪಕ್ಕದಲ್ಲಿ ನೆಡ್ರಾ. ಇದಿಷ್ಟೇ ಅವನ ಆಸೆ.

ನೆಡ್ರಾ ತನ್ನ ಪಾಲಿನದನ್ನು ಮಾಡಿ ಮುಗಿಸಿದ್ದಳು. ಜನವರಿಯ ಚಳಿಯಲ್ಲಿ ಬೆಳಿಗ್ಗೆ ಎಂಟು ಹೊಡೆಯುವ ಕ್ಷಣಕ್ಕೆ ಕಂಪ್ಯೂಟರಿನ ಮುಂದೆ ಕೂತು, ಸಾವಿರ ಜನರನ್ನು ಹಿಂದೆ ಹಾಕಿ, ಪರ್ವತದ ಬುಡದ ಸರೋವರದ ದಂಡೆಯಲ್ಲೇ ಒಂದು ಜಾಗ ಹಿಡಿದಿದ್ದಳು. ಈ ಶನಿವಾರ ಸಂಜೆ ಆರರೊಳಗೆ ಅಲ್ಲಿ ಮುಟ್ಟಬೇಕು. ಮುಟ್ಟದಿದ್ದರೆ ಜಾಗ ಬೇರೆಯವರದು. ಟ್ರೇಲರ್ ಎಳೆಯಲು ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನಿನ ತೊಟ್ಟಿ ಇರುವ ಟ್ರಕ್ಕೊಂದನ್ನು ಆರ್ವಿಲ್ ಆರು ತಿಂಗಳಿಂದ ಆರಿಸುತ್ತಲೇ ಇದ್ದ.

ತಡವಾಗಲು ಅವನ ಕುರ್ಚಿಯಲ್ಲಿ ಕೂತ ಗಿರಾಕಿಗಳೇ ಕಾರಣ. ಆ ಊರಲ್ಲಿ ಟ್ರಕ್ಕಿನ ಕಂಪನಿಯೆಂದರೆ ಗೋತ್ರವಿದ್ದ ಹಾಗೆ, ಅಪ್ಪನಿಂದ ಮಗನಿಗೆ ಬರುವಂಥದ್ದು. ಒಬ್ಬ ಹೇಳಿದ್ದನ್ನು ಕೇಳಿ ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಬಂದು ಕೂತು, "ಅದಾ? ಅದರ ಬದಲು ಒಂದು ಹೇಸರಗತ್ತೆ ತಗೋ" ಎನ್ನುತ್ತಿದ್ದ. ಹೀಗೆ ಕಡೆಯ ದಿನ ಬಂದೇಬಿಟ್ಟಿತು. ಶನಿವಾರ ಬೆಳಗಾಗುತ್ತಲೇ ಆರ್ವಿಲ್ ತನ್ನ ಹಳೆಯ ಪುಟ್ಟ ಕಾರಿನಲ್ಲಿ ಮಾರಾಟದ ಅಂಗಳಕ್ಕೆ ಓಡಿದ. ಕರೆಯದಿದ್ದರೂ ಗೇಲನ್ ಹಿಂದೆಯೇ ಬಂದ.

ಅಂಗಳದಲ್ಲಿ ಎರಡು ಟ್ರಕ್ಕುಗಳಿದ್ದವು. ಒಂದು ಬಿಳಿ, ಬಟ್ಟೆಯ ಸೀಟು, ಮೂತಿಯ ಮೇಲೆ ಒಂದು ಹೊಳಪೂ ಇಲ್ಲ. ಇನ್ನೊಂದನ್ನು ಕಂಡು ಆರ್ವಿಲ್ ತಲೆಯ ಮೇಲಿನ ಟೋಪಿ ತೆಗೆದ. ಕಡುಗೆಂಪು ಬಣ್ಣ. ಮೂತಿ ಅವನ ಗದ್ದದವರೆಗೆ ಬರುತ್ತಿತ್ತು. ಅದರ ಎದುರು ನಿಂತರೆ ಗುಡಿಯ ಬಾಗಿಲಲ್ಲಿ ನಿಂತ ಹಾಗೆ ಎದೆ ಝಲ್ಲೆನ್ನುತ್ತಿತ್ತು. ಬಾಗಿಲು ತೆರೆದೊಡನೆ ಕಾಲಿಡಲು ಮೆಟ್ಟಿಲು ತಾನೇ ಕೆಳಗಿಳಿದು ಬಂತು. ಒಳಗೆ ಚರ್ಮದ ಸೀಟು, ತಲೆಯ ಮೇಲೆ ಉದ್ದಕ್ಕೂ ಗಾಜು, ಗಾಜಿನಾಚೆ ಇಡೀ ಐಡಹೊದ ಆಕಾಶ. ಇಷ್ಟು ದಿನ ತಾನು ಆಕಾಶವನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎನಿಸಿತು ಅವನಿಗೆ.

"ನಮ್ಮ ಟ್ರೇಲರ್ ಏಳು ಸಾವಿರ ಪೌಂಡು. ಎಳೆಯುತ್ತಾ?" ಪಿಸುದನಿಯಲ್ಲಿ ಕೇಳಿದ.

"ಎಳೆಯುತ್ತಾ ಅಂತೀರಾ ಸರ್?" ಮಾರುವ ಹೆಂಗಸು ನಕ್ಕಳು. "ಹನ್ನೆರಡು ಸಾವಿರ ಎಳೆಯುತ್ತೆ. ನಿಮ್ಮ ಮನೇನೇ ಕಿತ್ತು ಕಟ್ಟಿದ್ರೂ ಬರುತ್ತೆ."

"ಆ ಬಿಳೀದು?"

ಗೇಲನ್ ಮೂಗು ತೂರಿಸಿದ. "ಅದು ನಲ್ಲಿ ರಿಪೇರಿಯೋರ ಗಾಡಿ ಕಣಯ್ಯ! ಮದುವೆಯಾಗಿ ಇಷ್ಟು ವರ್ಷಕ್ಕೆ ಹೆಂಡತೀನ ಅದರಲ್ಲಿ ಕೂರಿಸ್ತೀಯಾ?"

ಆರ್ವಿಲ್ ಕೆಂಪನ್ನೇ ತಗೊಂಡ. ಹಳೆಯ ಕಾರನ್ನು ಅವರಿಗೇ ಬಿಟ್ಟುಕೊಟ್ಟ. ಮನೆಯವರೆಗೂ ಇಪ್ಪತ್ತು ಮೈಲಿ ವೇಗ ದಾಟಲಿಲ್ಲ. ಹೆದರಿಕೆಗಿಂತ ಭಕ್ತಿಯೇ ಹೆಚ್ಚಾಗಿತ್ತು.

ಬೀದಿಗೆ ಬೀದಿಯೇ ಹೊರಗೆ ಬಂದು ಬಾಯಿಗೆ ಬೆರಳಿಟ್ಟುಕೊಂಡಿತು. ನೆಡ್ರಾ ಬಾಗಿಲಲ್ಲಿ ನಿಂತು ಎರಡು ಕೈಯಿಂದ ಕೆನ್ನೆ ಹಿಡಿದುಕೊಂಡಳು. "ಆರ್ವಿಲ್! ಇದು ನಮ್ಮದಾ?" ಎಂದಳು. ಆ ಒಂದು ಮಾತಿಗಾಗಿ ಆರು ತಿಂಗಳು ತಲೆ ಕೆಡಿಸಿಕೊಂಡದ್ದು ಸಾರ್ಥಕವಾಯಿತು ಎಂದು ಅವನಿಗೆ ಅನ್ನಿಸಿತು.

ಟ್ರೇಲರನ್ನು ಟ್ರಕ್ಕಿನ ಹಿಂದೆ ಕಟ್ಟಿದ್ದೇ ತಡ, ನೆರೆಹೊರೆಯವರ ಪ್ರೀತಿ ಉಕ್ಕಿತು. ಒಬ್ಬರು ಜನರೇಟರ್ ತಂದರು, ಇನ್ನೊಬ್ಬರು ಸೌದೆ, ಮತ್ತೊಬ್ಬರು ಹಿತ್ತಾಳೆಯ ಮೀನಿನ ತಕ್ಕಡಿ. ಚರ್ಚಿನ ಹೆಂಗಸರು ಎರಡು ಮೂಟೆ ಆಲೂಗಡ್ಡೆ ಹೊತ್ತುತಂದರು. ಎಲ್ಲವೂ ಹಿಂಬದಿಯ ತೊಟ್ಟಿಗೆ ಬಿತ್ತು. "ಹನ್ನೆರಡು ಸಾವಿರ ಎಳೆಯುತ್ತೆ, ಹಾಕಿ ಹಾಕಿ!" ಎಂದು ಆರ್ವಿಲ್ ದಾನಶೂರನಂತೆ ಕೈ ಬೀಸುತ್ತಿದ್ದ.

ಆಗ ಬಂದವರು ಮಿಸೆಸ್ ವೆಲ್ಮಾ ಜೆಪ್ಪೆಸನ್. ಎಪ್ಪತ್ತೆಂಟು ವರ್ಷ, ಕಡ್ಡಿಯಂಥ ದೇಹ. ಮೂವತ್ತನಾಲ್ಕು ವರ್ಷ ಸಕ್ಕರೆ ಬೀಟ್ ಗೆಡ್ಡೆಯ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ಕೆಲಸ ಮಾಡಿದವರು. ಸ್ವಂತ ಅಣ್ಣನ ಲಾರಿಗೂ ಒಂದು ಗೆಡ್ಡೆ ಹೆಚ್ಚಿಗೆ ಬರೆದವರಲ್ಲ. ಅವರು ಟ್ರಕ್ಕಿನ ಬಣ್ಣವನ್ನಾಗಲಿ ಗಾಜನ್ನಾಗಲಿ ನೋಡಲಿಲ್ಲ. ನೇರ ಡ್ರೈವರ್ ಬಾಗಿಲು ತೆರೆದು, ಚೌಕಟ್ಟಿಗೆ ಅಂಟಿಸಿದ್ದ ಅಂಗೈಯಗಲದ ಚೀಟಿಗೆ ಕನ್ನಡಕ ಹಿಡಿದರು.

"ಆರ್ವಿಲ್, ಇದನ್ನ ಓದಿದ್ಯಾ?"

"ಇಲ್ಲ ಮಿಸೆಸ್ ಜೆಪ್ಪೆಸನ್. ಹನ್ನೆರಡು ಸಾವಿರ ಎಳೆಯುತ್ತೆ ಅಂದ್ರು."

"ಎಳೆಯೋದು ಬೇರೆ, ಹೊರೋದು ಬೇರೆ ಕಣಪ್ಪ. ಎತ್ತು ಗಾಡಿ ತುಂಬಾ ಎಳೆಯುತ್ತೆ ಅಂತ ಅಷ್ಟನ್ನೂ ಅದರ ಬೆನ್ನ ಮೇಲೆ ಹೇರ್ತೀಯಾ? ಜನ, ಸಾಮಾನು ಎಲ್ಲಾ ಸೇರಿ ಇದು ಹೊರೋದು ಸಾವಿರದ ನಾನೂರ ಐವತ್ತು ಪೌಂಡು. ಈ ಗಾಜು, ಈ ಚರ್ಮ, ಈ ಕುಣಿಯೋ ಮೆಟ್ಟಿಲು ಉಳಿದಿದ್ದನ್ನೆಲ್ಲ ತಿಂದುಬಿಟ್ಟಿದೆ. ಟ್ರೇಲರಿನ ಮೂತಿ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತಲ್ಲ, ಅದೇ ಒಂದು ಸಾವಿರ. ಮಿಕ್ಕಿದ್ದು ನಾನೂರ ಐವತ್ತು. ಪರ್ವತದ ಇಳಿಜಾರಿನಲ್ಲಿ ಹೆಚ್ಚು ಭಾರ ಇದ್ರೆ ಏನಾಗುತ್ತೆ ಅಂತ ನಾನು ಕಣ್ಣಾರೆ ಕಂಡಿದೀನಿ."

ಬೀದಿಯವರು ಒಬ್ಬೊಬ್ಬರಾಗಿ ಬಗ್ಗಿ ಆ ಚೀಟಿ ಓದಿದರು. ಗೇಲನ್ ಕೂಡ ಓದಿದ, ಇದು ಹಿಂದೆ ಎಂದೂ ಆಗಿರದ ಸಂಗತಿ.

"ನಾಯಿ ಎಷ್ಟು?" ಪೆನ್ಸಿಲ್ ಹಿಡಿದು ಕೇಳಿದರು. ಟೇಟರ್ ಎಂಬ ಆ ಹಳದಿ ನಾಯಿ ಆಗಲೇ ಸೀಟು ಹತ್ತಿ ಕೂತಿತ್ತು. ತೊಂಬತ್ತು ಎಂದು ಪಶುವೈದ್ಯರ ಚೀಟಿ ಇತ್ತು. ನೆಡ್ರಾ ಥಟ್ಟನೆ ತನ್ನದು ನೂರ ಐವತ್ತು ಎಂದಳು. ಆರ್ವಿಲ್ ಲೈಸೆನ್ಸ್ ತೆಗೆದು ತೋರಿಸಿದ.

"ಇನ್ನೂರ ಹತ್ತು. ಎಲ್ಲಾ ಸೇರಿ ನಾನೂರ ಐವತ್ತು. ಸರಿ ಹೋಯ್ತು. ಇನ್ನೊಂದು ಕಟ್ಟು ಸೌದೆಗೂ ಜಾಗ ಇಲ್ಲ. ಎಲ್ಲಾ ಇಳಿಸಿ."

ಇಳಿಸುವಾಗ ಎಷ್ಟು ಮುಖಗಳು ಊದಿಕೊಂಡವೋ! ಜನರೇಟರ್ ತಂದವರು ಇನ್ನು ಕ್ಷೌರಕ್ಕೆ ಬರುವುದಿಲ್ಲ ಎಂದರು. ಆಲೂಗಡ್ಡೆಯ ಹೆಂಗಸರು ದೇವರ ಮೇಲೆ ಭಾರ ಹಾಕಿ ಮೂಟೆ ಎತ್ತಿಕೊಂಡರು. ಮನೆಯೊಂದು ಹಿಡಿಯುವಷ್ಟು ದೊಡ್ಡ ತೊಟ್ಟಿ ಗುಡಿಸಿಟ್ಟ ಹಾಗೆ ಖಾಲಿಯಾಯಿತು.

"ಹೋಗೋ ದಾರೀಲೇ ನನ್ನ ಕಟ್ಟೆ ಇದೆ," ಎಂದರು ವೆಲ್ಮಾ. "ಒಂದು ಸಲ ಹತ್ತಿಸಿ ಹೋಗಿ. ಕಾಗದದ ಲೆಕ್ಕಾನ ನಾನು ಯಾವತ್ತೂ ನಂಬಿದೋಳಲ್ಲ."

ಆರ್ವಿಲ್ ಟ್ರಕ್ಕು ಹತ್ತಿ ಹೊರಟ. ಬೀದಿಯವರೆಲ್ಲ ಹನ್ನೊಂದು ಟ್ರಕ್ಕುಗಳಲ್ಲಿ ಮೆರವಣಿಗೆಯಾಗಿ ಹಿಂದೆ ಹೊರಟರು. ಎಲ್ಲಿಗೆ ಏಕೆ ಎಂದು ತಿಳಿಯದವರೂ ಇಬ್ಬರು ಸೇರಿಕೊಂಡರು.

ತೂಕದ ಕಟ್ಟೆ ಹೆದ್ದಾರಿಯ ಪಕ್ಕ ಬಯಲಿನಲ್ಲಿತ್ತು. ಟ್ರಕ್ಕಿನ ಚಕ್ರಗಳು ಕಟ್ಟೆಯ ಮೇಲೆ, ಟ್ರೇಲರಿನ ಚಕ್ರಗಳು ಹೊರಗೆ. ಆರ್ವಿಲ್ ಉಸಿರು ಬಿಗಿಹಿಡಿದು ಕೂತ, ಹಾಗೆ ಹಿಡಿದರೆ ಹಗುರಾಗುತ್ತೇನೆಂದು. ವೆಲ್ಮಾ ಕೋಣೆಯೊಳಗೆ ಹೋಗಿ, ಅವರಿಗೊಬ್ಬರಿಗೇ ಕಾಣುವ ಮುಳ್ಳನ್ನು ನೋಡಿ, ಕಿಟಕಿಯಿಂದ ತಲೆ ಹೊರಹಾಕಿದರು.

"ನೂರು ಪೌಂಡು ಹೆಚ್ಚಿದೆ!"

ನಲವತ್ತು ತನ್ನದು, ಅದು ಆರ್ವಿಲ್‌ಗೆ ಗೊತ್ತು. ಆದರೆ ಇನ್ನೊಂದು ಅರವತ್ತು? ಮೆಲ್ಲಗೆ ಪಕ್ಕಕ್ಕೆ ತಿರುಗಿದ. ನೆಡ್ರಾಳ ಮುಖ ಕೆಂಪಾಗಿತ್ತು. ನಕ್ಷೆಯಿಂದ ಗಾಳಿ ಹಾಕಿಕೊಳ್ಳುತ್ತಾ ಅತ್ತ ಕಿಟಕಿಯಾಚೆ ನೋಡುತ್ತಿದ್ದಳು. ಜುಲೈ ಬಿಸಿಲು ಎಂದು ಬೇರೆ ಯಾರಾದರೂ ತಿಳಿಯಬಹುದಿತ್ತು. ಆರ್ವಿಲ್‌ನ ಕರುಳು ಚುರ್ರೆಂದಿತು. ಪಾಪ, ಇವಳೂ ನನ್ನ ಹಾಗೆಯೇ! ಹೊರಗೆ ಹನ್ನೊಂದು ಟ್ರಕ್ಕಿನ ಜನ ನಿಂತಿದ್ದಾರೆ. ಪ್ರಾಣ ಹೋದರೂ ಇವಳ ಮಾನ ಹೋಗಬಾರದು.

ಇಳಿದು ಎದೆಯುಬ್ಬಿಸಿ ನಿಂತು ಕೂಗಿ ಹೇಳಿದ: "ಎಲ್ಲಾ ನಂದೇ! ಲೈಸೆನ್ಸ್‌ನಲ್ಲಿರೋದು ಹಳೇ ತೂಕ. ನಾನೀಗ ಮುನ್ನೂರ ಹತ್ತು!"

ಗುಂಪಿನಲ್ಲಿ ಯಾರೋ "ಅಯ್ಯೋ ದೇವರೇ" ಎಂದರು. ವೆಲ್ಮಾ ಅವನು ಕಟ್ಟೆ ಬಿಟ್ಟು ಕೆಳಗಿಳಿಯಲಿ ಎಂದರು. ಇಳಿದ. ಮುಳ್ಳು ಸರಿಯಾಗಿ ಇನ್ನೂರ ಐವತ್ತು ಇಳಿಯಿತು. ವೆಲ್ಮಾ ಮುಳ್ಳು ನೋಡಿದರು, ಆರ್ವಿಲ್‌ನನ್ನು ನೋಡಿದರು, ಟ್ರಕ್ಕಿನಲ್ಲಿದ್ದ ನೆಡ್ರಾಳನ್ನು ನೋಡಿದರು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಗೆಡ್ಡೆಯ ಸುಳ್ಳು ಹೇಳದ ಬಾಯಿ ಒಂದು ಗಳಿಗೆ ತೆರೆದು ಮುಚ್ಚಿತು.

"ಮುನ್ನೂರ ಹತ್ತು," ಎಂದರು. "ಸರಿಯಾಗಿದೆ."

ಆರ್ವಿಲ್‌ಗೆ ಕಣ್ಣು ತುಂಬಿ ಬಂತು. ಅಷ್ಟು ದೊಡ್ಡ ಮನಸ್ಸಿನ ಹೆಂಗಸು ಆ ಊರಲ್ಲಿ ಇನ್ನೊಬ್ಬರಿಲ್ಲ ಎನಿಸಿತು. ಅತ್ತ ನೆಡ್ರಾ ಕಿಟಕಿಯಿಂದ ಕೈ ಚಾಚಿ ಅವನ ತೋಳು ಹಿಡಿದಳು. "ಮುನ್ನೂರ ಹತ್ತಾ? ನಂಗೊಂದು ಮಾತು ಹೇಳಬಾರದಾಗಿತ್ತಾ? ನಿನ್ನ ಎದೆಗೇನಾದ್ರೂ ಆದ್ರೆ ನನ್ನ ಗತಿ ಏನು?" ದನಿ ನಡುಗುತ್ತಿತ್ತು. ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದು ಆರ್ವಿಲ್ ಬೆರಗಾದ.

ಎಲ್ಲವೂ ಇಲ್ಲಿಗೇ ನಿಂತಿದ್ದರೆ ಅವನು ಊರಿನ ವೀರನಾಗಿ ಉಳಿಯುತ್ತಿದ್ದ. ಆದರೆ ಗೇಲನ್‌ಗೂ ಕರುಳಿತ್ತು, ಅದೇ ತೊಂದರೆ.

"ಇಂಥಾ ಮೈ ಇಟ್ಕೊಂಡಿರೋ ನಿಂಗೆ ಬೆಣ್ಣೆ ಸಕ್ಕರೆ ತಿನ್ನಿಸೋ ಪಾಪ ನಂಗೆ ಬೇಡ ಮಾರಾಯ," ಎನ್ನುತ್ತಾ ಬಂದು, ಟ್ರಕ್ಕಿನ ಹಿಂದಿನ ಬಾಗಿಲು ತೆರೆದು ಸೀಟಿನ ಕೆಳಗೆ ಕೈ ಹಾಕಿದ. "ನೀವು ಅಲ್ಲಿ ಹೋಗಿ ನೋಡ್ದಾಗ ಖುಷಿಪಡ್ತೀರಿ ಅಂತ ಕದ್ದು ಇಟ್ಟಿದ್ದೆ. ಕೆಂಡದ ಮೇಲೆ ಪೀಚ್ ಹಣ್ಣಿನ ಸಿಹಿ ಮಾಡ್ಕೊಳ್ತೀರಿ ಅಂತ." ಒಂದಾದ ಮೇಲೊಂದು ಮೂರು ಕಬ್ಬಿಣದ ಪಾತ್ರೆಗಳು, ಮುಚ್ಚಳ ಸಮೇತ, ಧಡ್ ಧಡ್ ಧಡ್ ಎಂದು ನೆಲಕ್ಕೆ ಬಂದವು. "ಗಟ್ಟಿ ಎರಕ! ಒಂದೊಂದೂ ಇಪ್ಪತ್ತು ಪೌಂಡು."

ಇಪ್ಪತ್ತನ್ನು ಮೂರು ಸಲ ಕೂಡಿಸಲು ಆ ಬಯಲಿನಲ್ಲಿ ಎಲ್ಲರಿಗೂ ಬರುತ್ತಿತ್ತು. ವೆಲ್ಮಾ ಮೆಲ್ಲನೆ ಕಿಟಕಿಯಿಂದ ತಲೆ ಒಳಗೆ ಎಳೆದುಕೊಂಡರು.

ನೆಡ್ರಾ ಗಂಡನ ತೋಳು ಬಿಟ್ಟಳು.

"ಆರ್ವಿಲ್. ನಿನ್ನ ತೂಕ ಎಷ್ಟು?"

"...ಇನ್ನೂರ ಐವತ್ತು."

"ಮತ್ತೆ ಮುನ್ನೂರ ಹತ್ತು ಅಂದೆ?"

ಆರ್ವಿಲ್ ಪಾತ್ರೆಗಳನ್ನು ನೋಡಿದ.

"ಆ ಅರವತ್ತು ಪೌಂಡು ಯಾರದು ಅಂದ್ಕೊಂಡೆ?"

ನೆಡ್ರಾ ಉತ್ತರಕ್ಕೆ ಕಾಯಲಿಲ್ಲ. ಟ್ರಕ್ಕಿನಿಂದಿಳಿದು ಕಟ್ಟೆಯಾಚೆ ಬಂದು ನಿಂತು, "ಮಿಸೆಸ್ ಜೆಪ್ಪೆಸನ್, ಎಷ್ಟು ಇಳೀತು?" ಎಂದು ಕೇಳಿದಳು.

"ನೂರ ಐವತ್ತು!" ಎಂದು ವೆಲ್ಮಾ ಕೂಗಿದರು. ಹನ್ನೊಂದು ಟ್ರಕ್ಕುಗಳ ಆಚೆಗೂ ಕೇಳುವ ಹಾಗೆ ಕೂಗಿದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಪಾತ್ರೆ ತೆಗೆದ್ರೂ ಇನ್ನೂ ನಲವತ್ತು ಹೆಚ್ಚಾಗುತ್ತೆ ನೆಡ್ರಾ. ನಾಯಿ ಇಲ್ಲಾ ಆರ್ವಿಲ್, ಯಾರಾದ್ರೂ ಒಬ್ಬರು ಉಳ್ಕೋಬೇಕು," ಎಂದರು.

ನೆಡ್ರಾ ನಾಯಿಯನ್ನು ನೋಡಿದಳು. ಗಂಡನನ್ನು ನೋಡಿದಳು. ಬಹಳ ಹೊತ್ತೇನೂ ಯೋಚಿಸಲಿಲ್ಲ.

"ಟೇಟರ್ ಬರ್ತಾನೆ," ಎಂದು ಕೈ ಚಾಚಿದಳು. ಆರ್ವಿಲ್ ಬೀಗದ ಕೈ ಕೊಟ್ಟ.

"ನೆಡ್ರಾ, ಆ ದಾರೀಲಿ ಇಷ್ಟು ಉದ್ದದ್ದನ್ನ ನೀನು..."

"ಹದಿನಾಲ್ಕು ವರ್ಷಕ್ಕೆ ನಮ್ಮಪ್ಪನ ಬೀಟ್ ಲಾರಿ ಓಡಿಸಿದೀನಿ. ನೀನು ಯಾವತ್ತೂ ಕೇಳಲಿಲ್ಲ."

ಟ್ರಕ್ಕು ಗುಡುಗಿತು. ಟ್ರೇಲರನ್ನು ಒಂದೇ ಸಲಕ್ಕೆ, ಒಂದು ಗೂಟಕ್ಕೂ ತಾಗಿಸದೆ, ಹಿಂದಕ್ಕೆ ತೆಗೆದು ಅರ್ಧಚಂದ್ರದ ಹಾಗೆ ತಿರುಗಿಸಿ ಹೆದ್ದಾರಿಗೆ ಏರಿಸಿದಳು. ಹನ್ನೊಂದು ಟ್ರಕ್ಕಿನ ಗಂಡಸರು ತಮಗೇ ತಿಳಿಯದೆ ಟೋಪಿ ತೆಗೆದರು. ಮುಂದಿನ ಸೀಟಿನ ಕಿಟಕಿಯಲ್ಲಿ ಟೇಟರ್ ತಲೆ ಹೊರಹಾಕಿ, ನಾಲಿಗೆ ಗಾಳಿಗೆ ಬಿಟ್ಟು, ಇಡೀ ಐಡಹೊ ತನ್ನದೆಂಬಂತೆ ನೋಡುತ್ತಿತ್ತು. ದೂರದ ಪರ್ವತದ ಕಡೆಗೆ ಏರು ಶುರುವಾಯಿತು. ಏಳು ಸಾವಿರ ಪೌಂಡನ್ನು ಎಳೆದುಕೊಂಡು ಆ ಕೆಂಪು ಗಾಡಿ ಏದುಸಿರು ಕೂಡ ಬಿಡದೆ ಮೇಲೆ ಮೇಲೆ ಹೋಯಿತು.

ಬಯಲಿನ ನಡುವೆ ಮೂರು ಕಬ್ಬಿಣದ ಪಾತ್ರೆಗಳ ಪಕ್ಕದಲ್ಲಿ ನಿಂತು ಆರ್ವಿಲ್ ಕಣ್ಣು ಮಿಟುಕಿಸದೆ ನೋಡಿದ.

"ಗೇಲನ್, ನೋಡೋ," ಎಂದ. "ಆ ಏರಲ್ಲೂ ಹೆಂಗೆ ಎಳೀತಿದೆ ನೋಡು! ಒಳ್ಳೇ ಗಾಡೀನೇ ಆರಿಸಿದೀನಿ, ಅಲ್ವಾ?"

"ಭಾರೀ ಗಾಡಿ ಕಣಯ್ಯ," ಎಂದು ಗೇಲನ್ ಮನಸಾರೆ ಒಪ್ಪಿಕೊಂಡು ಪಾತ್ರೆಗಳನ್ನೆತ್ತಿ ತನ್ನ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಜೋಪಾನವಾಗಿ ಜೋಡಿಸಿದ. "ಬಾ, ಮನೆಗೆ ಬಿಡ್ತೀನಿ. ಹಿಂದಿನ ಸೀಟಲ್ಲಿ ಕೂತ್ಕೋ."