ಹಿಂದಿನ ಸೀಟಿನ ಇನ್ನೂರ ಹದಿನಾಲ್ಕು

ಲಾರ್ನ್ ಟ್ವೀಡಿಗೆ ಹೆಂಡತಿಯ ಮೇಲಿದ್ದ ದೊಡ್ಡ ದೂರು ಒಂದೇ: ಆಕೆಗೆ ಸಂಶೋಧನೆಯ ಗಾಂಭೀರ್ಯ ತಿಳಿಯದು. ಒಂಬತ್ತು ವರ್ಷದಿಂದ ಆತ ಒಂದು ಹಳೇ ಕಾರಿನ ಪೂರ್ವಾಪರ ಜಾಲಾಡುತ್ತಿದ್ದ. ಆ ಒಂಬತ್ತು ವರ್ಷವೂ ವರ್ನಾ, ವಿಚಾರ ಅತಿ ಸೂಕ್ಷ್ಮವಾದ ಘಟ್ಟ ಮುಟ್ಟಿದ ಹೊತ್ತಿಗೆ ಸರಿಯಾಗಿ, ಅಡುಗೆಮನೆಯಿಂದ "ಸೂಪ್ ಆರ್ತಾ ಇದೆ" ಎಂದು ಕೂಗುತ್ತ ಬಂದಿದ್ದಳು.

ಕಾರು ಗ್ಯಾರೇಜಿನಲ್ಲಿತ್ತು. ನಿಪಿಗಾನ್ ಸ್ಟೇಷನ್ ವ್ಯಾಗನ್; ೧೯೬೧ರ ಡಿಸೆಂಬರಿನಲ್ಲಿ ಅದೇ ಊರಿನ, ಅಂದರೆ ಪೋರ್ಟ್ ಹ್ಯಾಲಟ್‌ನ, ಕಾರ್ಖಾನೆಯಿಂದ ಹೊರಬಿದ್ದದ್ದು. ಇಡೀ ಮನೆತನವನ್ನೇ ಹತ್ತಿಸಿಕೊಂಡು ಹೋಗುವಷ್ಟು ಉದ್ದ. ಕೊನೆಯಲ್ಲಿ ಬೆನ್ನು ತಿರುಗಿಸಿ ಕೂರುವ ಮೂರನೇ ಸಾಲಿನ ಸೀಟು, ಮಡಚಿದರೆ ನೆಲದೊಳಗೆ ಅಡಗುತ್ತಿತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಅದಿದ್ದ ಜಾಗದಲ್ಲಿ ಈಗ ಹುಲ್ಲು, ಬೇಲಿ ಮತ್ತು 'ಒಳಗೆ ಬರಬಾರದು' ಎಂಬ ಬೋರ್ಡು. (ಬಂದರೂ ನೋಡಲು ಅಲ್ಲೇನೂ ಇಲ್ಲ ಎಂಬುದು ಬೇರೆ ಮಾತು.)

ಲಾರ್ನ್ ಆ ಕಾರ್ಖಾನೆಯೊಳಗೆ ಎಂದೂ ಕಾಲಿಟ್ಟವನಲ್ಲ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ. ನಿವೃತ್ತನಾದ ಮರುದಿನವೇ ಯಾರಿಗೂ ಬೇಡದವನಂತೆ ಕಿಟಕಿಯ ಹತ್ತಿರ ಕೂತುಬಿಟ್ಟ. ಎರಡು ಚಳಿಗಾಲ ಹಾಗೇ ಕೂತ. ಮಾತಿಲ್ಲ, ಕತೆಯಿಲ್ಲ, ಹಿಮ ಬಿದ್ದರೆ ಹಿಮ ನೋಡುವುದು, ಕರಗಿದರೆ ಕೆಸರು ನೋಡುವುದು. ಆಮೇಲೆ ಒಬ್ಬ ರೈತನ ಕೊಟ್ಟಿಗೆಯಲ್ಲಿ, ಕೋಳಿಗಳು ಮೊಟ್ಟೆಯಿಡುತ್ತಿದ್ದ ಈ ಕಾರು ಕಣ್ಣಿಗೆ ಬಿತ್ತು. ಮನುಷ್ಯ ಎದ್ದು ನಿಂತ.

ಕಾರು ಮನೆಗೆ ಬಂದ ದಿನ ಆತ ಮೂರನೇ ಸೀಟನ್ನು ನೆಲದೊಳಗಿಂದ ಎತ್ತಿದ. ಕಂಪನಿಯ ಕ್ಯಾಟಲಾಗಿನ ಪ್ರಕಾರ ಅದಕ್ಕೆ ಕಂದು ರೆಕ್ಸಿನ್ ಇರಬೇಕಿತ್ತು. ಇದ್ದದ್ದು ಹಸಿರು ಕೆಂಪು ಚೌಕುಳಿಯ ಉಣ್ಣೆ ಬಟ್ಟೆ. ಒಳಹೊಲಿಗೆಯಲ್ಲಿ ಬೆರಳಗಲದ ಒಂದು ಪಟ್ಟಿ, ಅದರ ಮೇಲೆ ೨೧೪ ಎಂಬ ಅಂಕೆ. ಚಹಾ ತಂದ ವರ್ನಾ ಬಗ್ಗಿ ನೋಡಿದಳು. 

"ಅಯ್ಯೋ ದೇವ್ರೇ! ಲಾರ್ನ್, ಈ ಬಟ್ಟೆ..."

"ಮುಟ್ಬೇಡ! ಐತಿಹಾಸಿಕ ವಸ್ತು ಅದು."

"ಮುಟ್ಟಲ್ಲಪ್ಪ. ಆದ್ರೆ ನಾನೂ ಆ ಕಾರ್ಖಾನೇಲಿ ಸೀಟು ಹೊಲೀತಿದ್ದೋಳು ತಾನೇ? ಈ ನಂಬರು..."

"ನೀನು ಹೊಲಿದಿದ್ದು ಮದುವೆಗೆ ಮುಂಚೆ ಒಂದು ವರ್ಷ, ಅದೂ ಮಾಮೂಲಿ ಸೀಟು. ಇದು ವಿಶೇಷ ಆದೇಶ. ಸೂಪ್ ವಿಷಯ ಬಂದ್ರೆ ನಿನ್ನೇ ಕೇಳ್ತೀನಿ, ಆಯ್ತಾ?"

ಮರುದಿನ ಇನ್ನೊಮ್ಮೆ ಬಾಯಿ ತೆರೆದಳು. ಲಾರ್ನ್ ಕೈಯೆತ್ತಿ ತಡೆದ. ಮೂರನೆಯ ದಿನ ಹೇಳಿಯೇ ಬಿಡಬೇಕೆಂದು ಹೊರಟವಳಿಗೆ ಬಚ್ಚಲುಮನೆಯಿಂದ ಶಿಳ್ಳೆ ಕೇಳಿಸಿತು. ಎರಡು ವರ್ಷದ ಮೇಲೆ ಮೊದಲ ಸಲ ಗಂಡ ಗಡ್ಡ ಹೆರೆಯುತ್ತ ಶಿಳ್ಳೆ ಹಾಕುತ್ತಿದ್ದ. ವರ್ನಾ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು, ಹಾಗೇ ಹಿಂದಿರುಗಿ ಕ್ಯಾರೆಟ್ ಹೆಚ್ಚಲು ಕೂತಳು.

ಹೀಗೆ ಶುರುವಾದ ಸಂಶೋಧನೆ ಅರವತ್ತನಾಲ್ಕು ಪುಟಗಳ ಮಹಾಪ್ರಬಂಧವಾಗಿ ಬೆಳೆಯಿತು. ಅದರ ಘನ ಸಿದ್ಧಾಂತವೇನೆಂದರೆ, ಈ ವಾಹನವನ್ನು ಸ್ಕಾಟ್ಲೆಂಡಿನಿಂದ ಭೇಟಿ ಕೊಡಲಿದ್ದ ಯಾವನೋ ಮಹಾನುಭಾವನಿಗಾಗಿ ಅವನ ಕುಲದ ಗುರುತಿನ ಚೌಕುಳಿ ಬಟ್ಟೆಯಲ್ಲೇ ಗುಟ್ಟಾಗಿ ಸಿದ್ಧಪಡಿಸಲಾಗಿತ್ತು. ೨೧೪ ಎಂಬುದು ಆ ಗುಪ್ತ ಆದೇಶದ ಸಂಖ್ಯೆ. (ಮಹಾನುಭಾವ ಹಿಮ್ಮುಖವಾಗಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಯಾಕೆ ಕೂರಬೇಕಿತ್ತು ಎಂಬುದನ್ನು ಮೂವತ್ತೊಂದನೇ ಪುಟದ ಅಡಿಟಿಪ್ಪಣಿ ವಿವರಿಸುತ್ತದೆ.) ಮೂರು ಪತ್ರಾಗಾರಗಳಿಗೂ ಸ್ಕಾಟ್ಲೆಂಡಿನ ಹನ್ನೊಂದು ನೇಯ್ಗೆ ಗಿರಣಿಗಳಿಗೂ ಕಾಗದ ಹೋದವು. ಹನ್ನೊಂದೂ ಕಡೆಯಿಂದ 'ಈ ಚೌಕುಳಿ ನಮ್ಮದಲ್ಲ' ಎಂದು ವಿನಯದ ಉತ್ತರ ಬಂತು. ಅಷ್ಟೊಂದು ಜನ ಅಲ್ಲಗಳೆಯುತ್ತಿದ್ದಾರೆಂದರೆ ಗುಟ್ಟು ದೊಡ್ಡದೇ ಇರಬೇಕೆಂದು ಲಾರ್ನ್ ತೀರ್ಮಾನಿಸಿದ. ಪ್ರತಿ ಭಾನುವಾರ ಮೆತ್ತನೆಯ ಬ್ರಷ್ ಹಿಡಿದು ಆ ಉಣ್ಣೆಯ ಧೂಳು ಕೊಡವುತ್ತಿದ್ದ. ವರ್ನಾಳ ಒಳ್ಳೇ ಕೋಟಿಗೆ ಆ ಭಾಗ್ಯ ಎಂದೂ ಸಿಕ್ಕಿರಲಿಲ್ಲ.

ಕಳೆದ ಮಾರ್ಚಿನಲ್ಲಿ ಎಲ್ಗಿನ್ ರಸ್ಕ್ ತೀರಿಕೊಂಡ. ಈತ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟದಲ್ಲಿ ಊರಿನ ತಂಡದ ನಾಯಕನಾಗಿದ್ದವನು. ಮೂವತ್ತೆಂಟು ವರ್ಷದ ಹಿಂದೆ, ಫೈನಲ್ ದಿನದ ಬೆಳಿಗ್ಗೆ, "ನಿನ್ನ ಕೈ ನಡುಗುತ್ತೆ" ಅಂತ ಲಾರ್ನ್‌ನನ್ನು ತಂಡದಿಂದ ಕೈಬಿಟ್ಟಿದ್ದ. ಅಂದಿನಿಂದ ಮಾತಿಲ್ಲ.

"ಮಣ್ಣಿಗಾದ್ರೂ ಹೋಗ್ಬಾರ್ದಾ?" ಎಂದಳು ವರ್ನಾ, ಕಪ್ಪು ಟೋಪಿ ಸರಿಪಡಿಸಿಕೊಳ್ಳುತ್ತ.

"ಗಿರಣಿಯೋರಿಗೆ ಕಾಗದ ಬರೀಬೇಕು. ಅವನು ಬದುಕಿದ್ದಾಗ ನನಗೇನ್ ಉಪಕಾರ ಮಾಡಿದಾನೆ?"

ವರ್ನಾ ಒಬ್ಬಳೇ ಹೋಗಿಬಂದಳು. ಅವತ್ತು ಸೂಪ್ ಆರಿದರೂ ಕೂಗಲಿಲ್ಲ.

ನವೆಂಬರ್ ಬಂತು. ಲಾರ್ನ್‌ನ ಮೊಣಕಾಲು ಮೆಟ್ಟಿಲಿಗೆ ಒಪ್ಪುತ್ತಿರಲಿಲ್ಲ. ವರ್ನಾಳ ಬೆರಳ ಗಂಟುಗಳು ಊದಿ ಸೂಜಿ ಹಿಡಿಯಲೂ ಆಗುತ್ತಿರಲಿಲ್ಲ. ಮನೆ ಮಾರಾಟವಾಗಿತ್ತು. ತಿಂಗಳ ಕೊನೆಗೆ ವಯಸ್ಸಾದವರ ಫ್ಲ್ಯಾಟಿಗೆ ಹೋಗಬೇಕು, ಅಲ್ಲಿ ಗ್ಯಾರೇಜಿಲ್ಲ. ಕಾರನ್ನು ಊರಿನ ಮ್ಯೂಸಿಯಮ್ಮಿನವರು ತೆಗೆದುಕೊಳ್ಳಲು ಸಿದ್ಧರಿದ್ದರು, ಆದರೆ ಹಳೇ ಕಾರುಗಳ ಸಂಘದ ದಾಖಲೆ ಪುಸ್ತಕದಲ್ಲಿ 'ಮೂಲ ರೂಪದ್ದು' ಎಂದು ನಮೂದಾದರೆ ಮಾತ್ರ. ಇಲ್ಲವಾದರೆ ಗುಜರಿಯ ಲಾರಿ. ಲಾರ್ನ್ ರಾತ್ರಿ ನಿದ್ದೆಬಿಟ್ಟ, ಊಟ ಅರ್ಧ ಬಿಟ್ಟ. ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿಕೊಂಡು ಮತ್ತೆ ಆ ಕಿಟಕಿಯ ಹತ್ತಿರವೇ ಕೂರತೊಡಗಿದ. ಪೆಟ್ಟಿಗೆ ಕಟ್ಟುತ್ತಿದ್ದ ವರ್ನಾ ಅದನ್ನು ನೋಡಿದಳು.

ಶನಿವಾರ ಸಂಘದ ಪರೀಕ್ಷಕ ಗರ್ನಿ ಪ್ರಿಚೆಟ್ ಬಂದ. ಒಣಕಲು ಮನುಷ್ಯ, ಮೂರು ಬಟರ್ ಟಾರ್ಟ್ ತಿಂದರೂ ಮುಖದಲ್ಲಿ ಸಿಹಿಯ ಸುಳಿವಿಲ್ಲ. ಟಾರ್ಚ್ ಹಿಡಿದು ಕಾರಿನ ಕೆಳಗೆ, ಮೇಲೆ, ಒಳಗೆ ಎರಡು ಗಂಟೆ ತಡಕಿದ. ಕೊನೆಗೆ ಮೂರನೇ ಸೀಟಿನ ಮುಂದೆ ಕೂತು ನಿಟ್ಟುಸಿರುಬಿಟ್ಟ.

"ಟ್ವೀಡಿಯವರೇ, ನಿಮ್ಮ ಪ್ರಬಂಧ ಓದಿದೆ. ಪೂರ್ತಿ ಓದಿದೆ." (ಆ 'ಪೂರ್ತಿ'ಯಲ್ಲಿ ತುಂಬ ನೋವಿತ್ತು.) "ಆದ್ರೆ ಆ ಮಹಾನುಭಾವರು ಯಾರು, ಬಂದಿದ್ರಾ ಇಲ್ವಾ, ಒಂದಕ್ಕೂ ಪುರಾವೆ ಇಲ್ಲ. ಯಾರೋ ಆಮೇಲೆ ಮನೇಲಿ ಕೂತು ಹಾಕಿದ ಬಟ್ಟೆ ಅಂತ ಬರೀಬೇಕಾಗುತ್ತೆ."

"ಪಟ್ಟಿ ಇದ್ಯಲ್ಲ ಸ್ವಾಮಿ! ಇನ್ನೂರ ಹದಿನಾಲ್ಕು!"

"ಅದೇನು ಅಂತ ಹೇಳೋಕೆ ಕಾರ್ಖಾನೆಯೋರು ಒಬ್ರಾದ್ರೂ ಬೇಕು. ಆ ವಿಭಾಗದವರು ಯಾರಾದ್ರೂ ಬದುಕಿದಾರಾ?"

"ಎಲ್ಲಾ ಸತ್ತುಹೋದ್ರು," ಎಂದ ಲಾರ್ನ್. ಮುಖ ಬೂದಿಯಾಗಿತ್ತು. "ಒಬ್ರೂ ಉಳಿದಿಲ್ಲ."

ಅವನ ಪಕ್ಕದಲ್ಲೇ ಟಾರ್ಟಿನ ತಟ್ಟೆ ಹಿಡಿದು ನಿಂತಿದ್ದ ವರ್ನಾ ತಟ್ಟೆಯನ್ನು ಕಾರಿನ ನೆತ್ತಿಯ ಮೇಲಿಟ್ಟಳು. ಹಾಗೆ ಇಟ್ಟದ್ದಕ್ಕೆ ಬೇರೆ ದಿನವಾಗಿದ್ದರೆ ರಣರಂಪವಾಗುತ್ತಿತ್ತು. ಒಳಗೆ ಹೋಗಿ, ಕಟ್ಟಿಟ್ಟ ಪೆಟ್ಟಿಗೆ ಬಿಚ್ಚಿ, ಗುಂಡಿಗಳ ಡಬ್ಬಿ ತಂದು ಸೀಟಿನ ಮೇಲೆ ಸುರುವಿದಳು. ಗುಂಡಿಗಳ ನಡುವೆ ಒಂದು ಹಿತ್ತಾಳೆ ಬಿಲ್ಲೆ. ಅದರ ಮೇಲೆ ನಿಪಿಗಾನ್ ಮೋಟಾರ್ಸ್, ಹೊಲಿಗೆ ವಿಭಾಗ, ೨೧೪.

"ನಾನು ಬದುಕಿದೀನಿ," ಎಂದಳು.

 ವರ್ನಾ ನೆಲ ನೋಡುತ್ತ ಹೇಳಿದಳು: "ಕ್ರಿಸ್ಮಸ್ ರಜೆಗೆ ಮುಂಚಿನ ಕೊನೇ ದಿನ. ರೆಕ್ಸಿನ್ ಎರಡು ಸಲ ಉಲ್ಟಾ ಕತ್ತರಿಸಿಬಿಟ್ಟೆ. ಮೂರನೇ ತುಂಡು ಕೇಳಿದ್ರೆ ಮೇಸ್ತ್ರಿ ಮನೆಗೆ ಕಳಿಸ್ತಿದ್ದ. ಬಸ್ಸಲ್ಲಿ ಚಳಿ ಅಂತ ಕಾಲಿಗೆ ಹೊದ್ಕೊಳ್ಳೋ ಕಂಬಳಿ ಇತ್ತು. ಅದನ್ನೇ ಕತ್ತರಿಸಿ ಹೊಲಿದೆ. ತಪಾಸಣೆಯೋರು ಅವತ್ತು ಶುಂಠಿ ವೈನ್ ಕುಡ್ಕೊಂಡಿದ್ರು, ಮಡಚಿದ ಸೀಟು ಎತ್ತಿ ನೋಡ್ಲಿಲ್ಲ. ಮಾಡಿದ್ದು ಮೋಸ, ಆದ್ರೆ ನಂಬರ್ ಮಾತ್ರ ನಂದೇ ಹಾಕಿದೆ."

ಪ್ರಿಚೆಟ್‌ನ ಮುಖದಲ್ಲಿ ಅಂದು ಮೊದಲ ಬಾರಿಗೆ ರಕ್ತ ಕಾಣಿಸಿತು. "ಮೇಡಂ! ಕಾರ್ಖಾನೇಲೇ ಆಗಿದ್ದು, ಹೊಲಿದವರೇ ಸಾಕ್ಷಿ! ಇಂಥದ್ದು ನಮ್ಮ ಪುಸ್ತಕದಲ್ಲಿ ಒಂದೂ ಇಲ್ಲ!" ಎನ್ನುತ್ತ ನಮೂನೆ ತೆಗೆದು ಸರಸರ ತುಂಬತೊಡಗಿದ. ಅರವತ್ತನಾಲ್ಕು ಪುಟಗಳ ಮಹಾಪ್ರಬಂಧ ಅವನ ಮೊಣಕಾಲ ಮೇಲೆ ಒತ್ತುಹಲಗೆಯಾಗಿ ಒದಗಿಬಂತು. "ಬಟ್ಟೆಯ ಮೂಲ ಅಂತ ಒಂದು ಕಾಲಮ್ ಇದೆ. ಆ ಕಂಬಳಿ ಎಲ್ಲಿಂದ ಬಂತು?"

ವರ್ನಾ ಗಂಡನ ಕಡೆ ಒಮ್ಮೆ ನೋಡಿದಳು. "ಬರೀಲೇಬೇಕಾ?"

ಸಿದ್ಧಾಂತ ಮುಳುಗಿದರೂ ಸಂಶೋಧಕ ಇನ್ನೂ ಉಸಿರಾಡುತ್ತಿದ್ದ. "ಹೇಳು ವರ್ನಾ," ಎಂದ ಲಾರ್ನ್ ಗಂಭೀರವಾಗಿ. "ಇಂಥ ವಿಷಯದಲ್ಲಿ ಮುಚ್ಚುಮರೆ ಇರಬಾರದು."

"ಎಲ್ಗಿನ್ ರಸ್ಕ್ ಕೊಟ್ಟಿದ್ದು. ಆಗ ನನ್ನ ಹಿಂದೆ ಸುತ್ತುತಿದ್ದ."

ಪ್ರಿಚೆಟ್ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡ.

ಅವನು ಹೋದ ಮೇಲೆ ಲಾರ್ನ್ ಗ್ಯಾರೇಜಿನ ಹೊಸ್ತಿಲ ಮೇಲೆ ಕುಸಿದು ಕೂತ. ಸತ್ತವನ ಜೊತೆ ಜಗಳವಾಡುವ ಹಾಗೂ ಇಲ್ಲ.

"ಒಂಬತ್ತು ವರ್ಷ," ಎಂದ. "ಪ್ರತಿ ಭಾನುವಾರ ಅವನ ಕಂಬಳಿಗೆ ಬ್ರಷ್ ಹಾಕಿದೀನಿ. ಯಾಕೆ ಹೇಳ್ಲಿಲ್ಲ ನೀನು?"

"ಎರಡು ಸಲ ಬಾಯಿ ತೆಗೆದೆ, ನೀನು ಮುಚ್ಚಿಸ್ದೆ. ಆಮೇಲೆ ನಾನೇ ಮುಚ್ಕೊಂಡೆ. ಹೇಳಿದ್ರೆ ನೀನು ಮತ್ತೆ ಹೋಗಿ ಆ ಕಿಟಕಿ ಹತ್ರ ಕೂರ್ತಿದ್ದೆ."

 ವರ್ನಾ ಕಷ್ಟಪಟ್ಟು ಅವನ ಪಕ್ಕ ಕೂತಳು. "ಇನ್ನೊಂದು ಮಾತು. ನಿನ್ನ ಜೊತೆ ಮೊದಲ್ನೇ ಸಲ ಡಾನ್ಸ್ ಮಾಡಿದ ಮೂರನೇ ದಿನ ಆ ಕಂಬಳಿಗೆ ಕತ್ತರಿ ಹಾಕಿದ್ದು. ಇಲ್ದಿದ್ರೆ ಹಾಕೋಕೆ ಮನಸ್ಸು ಬರ್ತಿರಲಿಲ್ಲ. ಅದನ್ನ ಬರ್ಕೊಳ್ಳೋ ಕಾಲಮ್ ಅವರ ಹತ್ರ ಇರಲಿಲ್ಲ."

ಹೊರಗೆ ಮೊದಲ ಹಿಮ ಉದುರತೊಡಗಿತ್ತು. ಸೂಪ್ ಆರಿಹೋಗಿತ್ತು. ಇಬ್ಬರೂ ಅದನ್ನು ಆರಿದ್ದನ್ನೇ ಕುಡಿದರು.

ಈಗ ಕಾರು ಮ್ಯೂಸಿಯಮ್ಮಿನಲ್ಲಿದೆ, ಮೂರನೇ ಸೀಟು ಎಲ್ಲರಿಗೂ ಕಾಣುವಂತೆ ಎತ್ತಿಟ್ಟಿದ್ದಾರೆ. ಪಕ್ಕದ ಫಲಕದಲ್ಲಿ ಮೂರು ಸಾಲು: 'ನಿಪಿಗಾನ್ ವ್ಯಾಗನ್, ೧೯೬೧. ಹೊಲಿಗೆ: ವರ್ನಾ, ಸಂಖ್ಯೆ ೨೧೪. ಬಟ್ಟೆ: ಎಲ್ಗಿನ್ ರಸ್ಕ್ ಅವರು ಆಕೆಗೆ ಕೊಟ್ಟ ಉಡುಗೊರೆ.' ಕಾರು ಕೊಟ್ಟವರ ಹೆಸರು ಕಚೇರಿಯ ಫೈಲಿನಲ್ಲಿ ಭದ್ರವಾಗಿದೆಯಂತೆ. ಪ್ರತಿ ಗುರುವಾರ ಗಂಡಹೆಂಡತಿ ಹೋಗುತ್ತಾರೆ. ಲಾರ್ನ್ ಹೋದವನೇ ಫಲಕಕ್ಕೆ ಭುಜ ಒರಗಿಸಿ, ಮೂರನೇ ಸಾಲು ಮುಚ್ಚುವಂತೆ ನಿಲ್ಲುತ್ತಾನೆ.

"ಆಕಡೆ ಸರಿ, ಜನ ಓದ್ಬೇಕು," ಎನ್ನುತ್ತಾಳೆ ವರ್ನಾ. ಅವನು ಸರಿಯುವುದಿಲ್ಲ.

ಹೋದ ವಾರ ಒಬ್ಬ ಮುದುಕಿ ಅವನನ್ನು ಸುತ್ತಿ ಬಂದು, ಕತ್ತು ಚಾಚಿ ಮೂರೂ ಸಾಲು ಓದಿದಳು. ವರ್ನಾಳ ಎದೆಯ ಮೇಲಿದ್ದ ಹಿತ್ತಾಳೆ ಬಿಲ್ಲೆ ನೋಡಿದಳು. ಆಮೇಲೆ ಅವಳ ಪಕ್ಕದಲ್ಲಿದ್ದ ಗಂಡಸನ್ನು ನೋಡಿ, ಕಣ್ಣು ಒದ್ದೆ ಮಾಡಿಕೊಂಡು ಎರಡೂ ಕೈಯಲ್ಲಿ ಅವನ ಕೈ ಹಿಡಿದಳು.

"ಇಷ್ಟು ವರ್ಷ ಆದ್ಮೇಲೂ ಜೊತೇಲೇ ಇದೀರಲ್ಲ! ತುಂಬಾ ಚೆನ್ನಾಗಿದೆ ನಿಮ್ಮ ಕಂಬಳಿ, ರಸ್ಕ್ ಅವರೇ."

ಲಾರ್ನ್ ಬಾಯಿ ತೆರೆದ. ವರ್ನಾ ಅವನ ತೋಳು ಒತ್ತಿ ಹಿಡಿದಳು.

"ಸುಮ್ನಿರು," ಎಂದಳು. "ಸೂಪ್ ವಿಷಯ ಬಂದ್ರೆ ನಿನ್ನ ಕೇಳ್ತೀನಿ."